ರಿಸೀವರ್ ಕೈಗೆ ಹೋದ ಮಂಟಪ

ರಿಸೀವರ್ ಬರುತ್ತಾರೆಂದು ಅಟ್ಟೂರಿನ ಆ ಮನೆಯಲ್ಲಿ ಎರಡು ನಾಟಿ ಕೋಳಿ ಕೊಯ್ದಿದ್ದರು. ಒಂದು ಕೆಳಗಿನ ಮನೆಯಲ್ಲಿ, ಇನ್ನೊಂದು ಮಹಡಿ ಮೇಲೆ. ಕೆಳಗೆ ಅಣ್ಣ ಸುರೇಶನ ಸಂಸಾರ, ಮೇಲೆ ತಮ್ಮ ಸುಬ್ರಮಣಿಯದು. ಗೇಟು ಒಂದೇ, ಹೆತ್ತ ತಾಯಿ ಒಬ್ಬಳೇ, ಒಲೆ ಮಾತ್ರ ಎರಡು. ಸುರೇಶನ ಹೆಂಡತಿ ರಾಧಾಮಣಿ ಬೆಳಿಗ್ಗೆ ಎದ್ದವಳೇ ಮಸಾಲೆ ಹುರಿದು, ರುಬ್ಬಿ, ದೊಡ್ಡ ತಪ್ಪಲೆಯಲ್ಲಿ ಸಾರಿಗಿಟ್ಟು ಬೆವರು ಒರೆಸಿಕೊಳ್ಳುವಷ್ಟರಲ್ಲಿ ಮಹಡಿಯಿಂದಲೂ ಅದೇ ಘಮ ಇಳಿದು ಬಂತು. ಅವಳ ಪಿತ್ತ ನೆತ್ತಿಗೇರಿತು.

"ನೋಡ್ರೀ, ನಿಮ್ಮ ತಮ್ಮನ ಹೆಂಡ್ತಿ ಬುದ್ಧೀನಾ! ನಾವು ಕೋಳಿ ತಂದಿದ್ದು ಕಂಡಿದ್ದೇ ತಡ, ಅವಳೂ ತರಿಸಿದ್ದಾಳೆ."

"ತರಿಸ್ಲಿ ಬಿಡು. ಬರೋರು ದೊಡ್ಡೋನ ಮನೇಲಿ ತಾನೇ ಮೊದ್ಲು ಕೂರೋದು?" ಅಂದ ಸುರೇಶ. ಇಸ್ತ್ರಿ ಮಾಡಿದ ಬಿಳಿ ಶರ್ಟು ಹಾಕಿಕೊಂಡು, ಜಗಲಿಯ ಮೇಲೆ ಎರಡು ಪ್ಲಾಸ್ಟಿಕ್ ಕುರ್ಚಿ ಹಾಕಿಸಿ, ಬಾಗಿಲಲ್ಲೇ ಕಾಯುತ್ತಿದ್ದ.

ಇಷ್ಟಕ್ಕೂ ರಿಸೀವರ್ ಎಂದರೆ ಯಾರೆಂದು ಆ ಮನೆಯಲ್ಲಿ ಒಬ್ಬರಿಗೂ ಸರಿಯಾಗಿ ಗೊತ್ತಿರಲಿಲ್ಲ. ಮನೆಯ ಮುಂದಿನ ರಾಗಿ ಕಣದಲ್ಲಿ ಮುನಿಆಂಜಿನಪ್ಪನವರು, ಅಂದರೆ ಈ ಅಣ್ಣತಮ್ಮಂದಿರ ಅಪ್ಪ, ಒಂದು ಕಲ್ಯಾಣ ಮಂಟಪ ಕಟ್ಟಿಸಿದ್ದರು. ಇದ್ದಷ್ಟು ದಿನ ಬೀಗದಕೈ ಉಡಿದಾರಕ್ಕೆ ಕಟ್ಟಿಕೊಂಡು ತಾವೇ ನಡೆಸಿದರು. ಅವರು ಕಣ್ಣು ಮುಚ್ಚಿದ ಮೇಲೆ ಸುರೇಶ ಆಫೀಸ್ ರೂಮಿನಲ್ಲಿ ಕೂತು ಬುಕಿಂಗ್ ತೆಗೆದುಕೊಳ್ಳತೊಡಗಿದ. ಸುಬ್ರಮಣಿ ಸರ್ಕಲ್ಲಿನ ಟೀ ಅಂಗಡಿಯಲ್ಲಿ ನಿಂತು ಬಾಯಿಮಾತಿನಲ್ಲೇ ಬುಕಿಂಗ್ ತೆಗೆದುಕೊಳ್ಳತೊಡಗಿದ. ಒಬ್ಬನು ಇನ್ನೊಬ್ಬನಿಗೆ ಹೇಳಬೇಕಲ್ಲ? ಹೇಳಿದರೆ ಚಿಕ್ಕವರಾಗಿಬಿಡುತ್ತಾರಲ್ಲ! ಕೊನೆಗೆ ಒಂದು ದಿನ ಒಂದೇ ಮುಹೂರ್ತಕ್ಕೆ ಎರಡು ದಿಬ್ಬಣ ಬಂದು ಗೇಟಿನಲ್ಲಿ ನಿಂತವು. ಎರಡು ವಾಲಗ, ಎರಡು ಜೋಡಿ ಮದುಮಕ್ಕಳು, ಇಬ್ಬರು ಅಡುಗೆ ಭಟ್ಟರು. ಒಂದು ಕಡೆಯವರು ವೇದಿಕೆ ಹಿಡಿದರೆ ಇನ್ನೊಂದು ಕಡೆಯವರು ಊಟದ ಹಾಲಿಗೆ ಚಿಲಕ ಹಾಕಿಕೊಂಡರು. ಪೊಲೀಸರು ಬಂದರು. ಮದುವೆಗಳೇನೋ ಹೇಗೋ ನಡೆದವು, ಆದರೆ ಆವತ್ತು ಅಣ್ಣತಮ್ಮಂದಿರು ರಸ್ತೆಯಲ್ಲಿ ಬೈದಾಡಿಕೊಂಡಿದ್ದನ್ನು ಅಟ್ಟೂರೆಲ್ಲ ನೋಡಿತು. ಸುರೇಶ ಪಾಲು ಕೇಳಿ ಕೋರ್ಟಿಗೆ ಹೋದ.

ಕೇಸು ಮುಗಿಯುವವರೆಗೆ ಮಂಟಪಕ್ಕೆ ಒಬ್ಬ ರಿಸೀವರನ್ನು ಹಾಕಿಸೋಣ ಎಂದು ಸುರೇಶನ ಲಾಯರು ಹೇಳಿದರು. ಸುಬ್ರಮಣಿಯ ಲಾಯರೂ ಅದನ್ನೇ ಹೇಳಿದರು. ಅಣ್ಣತಮ್ಮಂದಿರು ಇಬ್ಬರೂ ಮರುಮಾತಿಲ್ಲದೆ ಒಪ್ಪಿದರು. ಯಾಕೆ ಗೊತ್ತೇ? ಹಿಂದೆ ಊರಲ್ಲಿ ಜಗಳ ಬಿದ್ದರೆ ಪಕ್ಕದ ಊರಿಂದ ದೊಡ್ಡ ಮನುಷ್ಯರೊಬ್ಬರು ಬಂದು, ಜಗಲಿ ಮೇಲೆ ಕೂತು, ಉಂಡು, ಎಲೆ ಅಡಿಕೆ ಹಾಕಿಕೊಂಡು, ಇಬ್ಬರಿಗೂ ಉಗಿದು, ಹೊತ್ತು ಮುಳುಗುವುದರೊಳಗೆ ರಾಜಿ ಮಾಡಿಸುತ್ತಿದ್ದರಲ್ಲ, ಈ ರಿಸೀವರ್ ಅನ್ನುವವರು ಕೋರ್ಟು ಕಳಿಸುವ ಅಂಥ ದೊಡ್ಡ ಮನುಷ್ಯರು ಎಂದು ಇಬ್ಬರೂ ತಿಳಿದಿದ್ದರು. ಮೊದಲು ಯಾರ ಮನೆಯಲ್ಲಿ ಉಣ್ಣುತ್ತಾರೋ ಮಾತು ಅವರ ಕಡೆ ವಾಲುತ್ತದೆ ಎಂದು ಇಬ್ಬರ ಹೆಂಡಂದಿರೂ ತಿಳಿದಿದ್ದರು. ಆದ್ದರಿಂದಲೇ ಎರಡು ಕೋಳಿ.

ಹನ್ನೊಂದರ ಹೊತ್ತಿಗೆ ಹಳೆಯ ಸ್ಕೂಟರಿನಲ್ಲಿ ಒಬ್ಬ ಸಣಕಲು ವಕೀಲರು ಬಂದಿಳಿದರು. ಕಪ್ಪು ಕೋಟು ತೋಳಿನ ಮೇಲೆ, ಹಿಂದೆ ಒಬ್ಬ ಗುಮಾಸ್ತ. ವಕೀಲರ ಹೆಸರು ಕಾಡಪ್ಪ.

"ಬನ್ನಿ ಸಾರ್, ಬನ್ನಿ. ಕೂತ್ಕೊಳ್ಳಿ. ಊಟ ರೆಡಿ ಐತೆ," ಎಂದು ಸುರೇಶ ಕೈಮುಗಿದ.

"ಸಾರ್, ಮೇಲೆ ಫ್ಯಾನ್ ಐತೆ, ಮೇಲೆ ಬನ್ನಿ," ಎಂದು ಮಹಡಿಯ ಮೆಟ್ಟಿಲಿನಿಂದ ಸುಬ್ರಮಣಿ ಕೂಗಿದ.

ಕಾಡಪ್ಪ ಎರಡು ಕಡೆಗೂ ಕೈಮುಗಿದರು. "ಊಟ ಬೇಡ. ನನ್ನ ಡಬ್ಬಿ ತಂದಿದ್ದೀನಿ."

"ಕಾಫಿ ಆದ್ರೂ ಸಾರ್?" ಅಂದಳು ರಾಧಾಮಣಿ.

"ಬೇಡಮ್ಮ."

"ಮಜ್ಜಿಗೆ? ನೀರು?"

"ನೀರಿನ ಬಾಟ್ಲಿ ಇದೆಯಮ್ಮ."

ಅತ್ತೆ ದೊಡ್ಡಮುನಿಯಮ್ಮ ಬಾಗಿಲ ಪಕ್ಕ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದಳು. "ಎಂತಾ ಮನುಸ್ಯನಪ್ಪಾ ನೀನು! ಮನೆ ಬಾಗ್ಲಿಗೆ ಬಂದೋನು ನೀರೂ ಕುಡೀದೆ ಇಂಗೆ ನಿಂತ್ಕಂತಾರಾ? ನಮ್ಮನೇಲಿ ಏನ್ ವಿಸ ಆಕ್ತೀವಾ?"

"ಹಾಗಲ್ಲಜ್ಜಿ. ನಾನು ಕೋರ್ಟಿನ ಕೆಲಸಕ್ಕೆ ಬಂದೋನು. ಒಬ್ಬ ಮಗನ ಮನೇಲಿ ನೀರು ಕುಡಿದ್ರೆ ಇನ್ನೊಬ್ಬ ಮಗ ನಾಳೆ ಜಡ್ಜ್ ಮುಂದೆ ಹೋಗಿ ಹೇಳ್ತಾನೆ."

ಅಷ್ಟು ಹೇಳಿ ಅವರು ಕೆಲಸ ಶುರುಮಾಡಿದರು. ಕೇಸು ಮುಗಿಯುವವರೆಗೆ ಕೋರ್ಟಿನ ಪರವಾಗಿ ಮಂಟಪ ನಡೆಸುವುದೇ ರಿಸೀವರ್ ಕೆಲಸ. ಮಂಟಪದ ಆಫೀಸು, ಉಗ್ರಾಣ, ಜನರೇಟರ್ ರೂಮು, ಎಲ್ಲದರ ಬೀಗದಕೈ ತೆಗೆದುಕೊಂಡರು. ಬುಕಿಂಗ್ ಪುಸ್ತಕ ತೆಗೆದುಕೊಂಡರು. ಆಮೇಲೆ ಗುಮಾಸ್ತ ಒಂದು ಪಟ್ಟಿ ಬಿಚ್ಚಿ ಪಾತ್ರೆಗಳ ಹೆಸರು ಕೂಗತೊಡಗಿದ. ಇಲ್ಲಿ ನೋಡಿ, ಎಡವಟ್ಟಾಗಿದ್ದು ಇಲ್ಲೇ. ಕೇಸು ಹಾಕುವಾಗ ರಾಧಾಮಣಿ ಸಿಟ್ಟಿನಲ್ಲಿ, ಸುಬ್ರಮಣಿಯ ಹೆಂಡತಿ ಯಶೋಧಾ ಮಹಡಿಗೆ ಹೊತ್ತುಕೊಂಡು ಹೋಗಿರುವ ಪಾತ್ರೆಗಳೆಲ್ಲ ಮಂಟಪದವು ಎಂದು ಒಂದೊಂದನ್ನೂ ಹೇಳಿ ಲಾಯರಿಂದ ಬರೆಸಿದ್ದಳು. ಯಶೋಧಾ ಬಿಡುತ್ತಾಳೆಯೇ? ಕೆಳಮನೆಯ ಒಲೆ ಮೇಲಿರುವ ಸೌಟಿನವರೆಗೂ ಅವಳೂ ಬರೆಸಿದ್ದಳು. ಈಗ ಎರಡು ಅಡುಗೆಮನೆಗಳೂ ಕೋರ್ಟಿನ ಪಟ್ಟಿಯಲ್ಲಿದ್ದವು.

"ಸಾರ್, ಈ ತಪ್ಪಲೇಲಿ ಸಾರಿದೆ," ಎಂದು ಗುಮಾಸ್ತ ಕೆಳಮನೆಯ ಅಡುಗೆಮನೆಯಿಂದ ಕೂಗಿದ.

"ಖಾಲಿ ಮಾಡಿ ಕೊಡೋಕೆ ಹೇಳಪ್ಪ," ಅಂದರು ಕಾಡಪ್ಪ.

"ರೀ ಸಾರ್, ಇದು ನಾವು ದಿನಾ ಅಡುಗೆ ಮಾಡೋ ತಪ್ಪಲೆ ಕಣ್ರೀ!" ರಾಧಾಮಣಿ ಅಡ್ಡ ನಿಂತಳು.

"ಮಂಟಪದ್ದು ಅಂತ ಬರೆದಿದೆಯಲ್ಲಮ್ಮ."

"ಅದು ಬರೆಸಿದ್ದು ನಾನಲ್ಲ, ಮೇಲಿನವಳು!"

"ಮೇಲಿನ ಮನೆಯದು ಬರೆಸಿದ್ದು ಯಾರು?"

ರಾಧಾಮಣಿ ಮಸಾಲೆ ಹಾಕಿ ಕುದಿಸಿದ ಕೋಳಿಸಾರನ್ನು ಸ್ನಾನದ ಹೊಸ ಬಕೆಟ್ಟಿಗೆ ಸುರಿದು, ತಪ್ಪಲೆ ತೊಳೆದು ಕೊಟ್ಟಳು. ಮೇಲೆ ಯಶೋಧಾ ನೀರು ಕುಡಿಯುವ ಬಿಂದಿಗೆಗೆ ಸುರಿದುಕೊಂಡಳಂತೆ. ಮುದ್ದೆ ತಿರುವುವ ಪಾತ್ರೆ, ಮುದ್ದೆ ಕೋಲು, ಅನ್ನದ ಹಂಡೆ ಎಲ್ಲ ಉಗ್ರಾಣ ಸೇರಿದವು. ಕಾಡಪ್ಪ ಬಾಗಿಲಿಗೆ ಬೀಗ ಹಾಕಿ, ಬಟ್ಟೆ ಸುತ್ತಿ, ಅರಗಿನ ಮುದ್ರೆ ಒತ್ತಿ, ಮಂಟಪದ ಮೆಟ್ಟಿಲ ಮೇಲೆ ಕೂತು ತಮ್ಮ ಡಬ್ಬಿಯ ಮೊಸರನ್ನ ತಿಂದು ಹೊರಟುಹೋದರು.

ಆವತ್ತು ಮಧ್ಯಾಹ್ನ ಊಟಕ್ಕೆ ಕೂತಾಗ ದೊಡ್ಡಮುನಿಯಮ್ಮ ತಟ್ಟೆ ನೋಡಿದಳು. "ಮುದ್ದೆ ಎಲ್ಲಮ್ಮಾ?"

"ಕೋರ್ಟಲ್ಲಿದೆ ಅತ್ತೆ," ಅಂದಳು ರಾಧಾಮಣಿ.

ಮಗಳು ಹರ್ಷಿತಾ ಕಿಸಕ್ಕನೆ ನಕ್ಕಳು. ಯಲಹಂಕ ನ್ಯೂ ಟೌನಿನ ಕನ್ನಡಕದಂಗಡಿಯಲ್ಲಿ ಕೆಲಸ ಅವಳಿಗೆ. ಅಲ್ಲಾಳಸಂದ್ರದ ಮಣಿಕಂಠನ ಜೊತೆ ನಿಶ್ಚಿತಾರ್ಥ ಆಗಿ, ಮೇ ತಿಂಗಳ ಮೂರನೇ ಭಾನುವಾರಕ್ಕೆ ಮುಹೂರ್ತ ಗೊತ್ತಾಗಿತ್ತು. ಮುಹೂರ್ತ ಗೊತ್ತಾದ ದಿನವೇ ರಾಧಾಮಣಿ ಬೀಗರ ಮುಂದೆ, "ಮಂಟಪದ ಚಿಂತೆ ನಿಮಗೆ ಬೇಡ, ನಮ್ಮ ಮಾವ ಕಟ್ಟಿಸಿದ್ದು ಮನೆ ಮುಂದೇನೇ ಐತೆ," ಎಂದು ಎದೆಯುಬ್ಬಿಸಿ ಹೇಳಿದ್ದಳು. ಆ ಮಾತು ಈಗ ಅವಳ ಗಂಟಲಲ್ಲಿ ಸಿಕ್ಕಿಕೊಂಡಿತ್ತು. ಮೇ ತಿಂಗಳೊಳಗೆ ಮಂಟಪ ಮನೆಗೆ ವಾಪಸ್ಸು ಬರಲೇಬೇಕು. ಆ ಸಣಕಲು ಲಾಯರು ತೊಲಗಲೇಬೇಕು.

ಮುಂದಿನ ವಾರಗಳಲ್ಲಿ ಆದದ್ದು ಇನ್ನೂ ಹೊಟ್ಟೆ ಉರಿಸುವ ಸಂಗತಿ. ಮಂಟಪ ಚೆನ್ನಾಗಿ ನಡೆಯತೊಡಗಿತು! ನಲ್ಲಿಗಳು ಸೋರುವುದು ನಿಂತಿತು. ಜನರೇಟರು ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಮುನಿಆಂಜಿನಪ್ಪನವರ ಕಾಲದಿಂದಲೂ ಮೂಗು ಮುಚ್ಚಿಕೊಂಡು ಹೋಗಬೇಕಾಗಿದ್ದ ಕಕ್ಕಸುಗಳು ಫಿನಾಯಿಲ್ ವಾಸನೆ ಬೀರಿದವು. ಬಂದ ಬಾಡಿಗೆಯೆಲ್ಲ ಕೋರ್ಟಿಗೆ ಜಮಾ. ಅಣ್ಣತಮ್ಮಂದಿರಿಬ್ಬರಿಗೂ ಮಂಟಪದೊಳಗೆ ಕಾಲಿಡಲು ಹಕ್ಕಿಲ್ಲ. ಸುರೇಶ ದಿನಾ ಜಗಲಿಯಲ್ಲಿ ಕೂತು, ಎದುರಿನ ಮದುವೆಗೆ ಬರುವವರನ್ನು ನೋಡುತ್ತ, "ನಮ್ಮ ಕಾಲದಲ್ಲಿ ಇಷ್ಟು ಜನ ಬರ್ತಿರ್ಲಿಲ್ಲ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ.

"ಬರ್ತಿದ್ರು. ಒಂದೇ ದಿನ ಎರಡು ಮದುವೆಗೆ ಬರ್ತಿದ್ರು," ಅಂದಳು ಹರ್ಷಿತಾ.

"ಏಯ್, ಬಾಯಿ ಮುಚ್ಚು. ಅಪ್ಪನ ಜೊತೆ ಹೆಂಗೆ ಮಾತಾಡ್ಬೇಕು ಗೊತ್ತಿಲ್ವಾ?"

ಇತ್ತ ಕುಕ್ಕರಿನಲ್ಲಿ ಮುದ್ದೆ ಮಾಡಲು ಹೋಗಿ ರಾಧಾಮಣಿಯ ರಟ್ಟೆ ಹಿಡಿದುಕೊಂಡಿತು. ಮುದ್ದೆ ಗಂಟುಗಂಟು. ಅತ್ತೆ ಮಧ್ಯಾಹ್ನ ಕೆಳಗೆ ಉಂಡು, ರಾತ್ರಿ ಮೇಲೆ ಉಣ್ಣುವುದು ಕೇಸಾದಾಗಿನಿಂದ ನಡೆದುಬಂದ ಏರ್ಪಾಡು. ಮಧ್ಯಾಹ್ನ, "ನಿನ್ನ ಮುದ್ದೆಗಿಂತ ಯಶೋದಂದೇ ವಾಸಿ," ಎನ್ನುವಳು. ರಾತ್ರಿ ಮೇಲೆ ಹೋಗಿ ಅದನ್ನೇ ತಿರುಗಿಸಿ ಹೇಳುವಳು ಎನ್ನುವುದು ರಾಧಾಮಣಿಗೆ ಗೊತ್ತಿತ್ತು. ಹೊಸ ತಪ್ಪಲೆ ಕೊಳ್ಳಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕೊಂಡರೆ ಸೋತ ಹಾಗಲ್ಲವೇ? ಎರಡು ಮನೆಯವರೂ ಕೊಳ್ಳಲಿಲ್ಲ.

ಒಂದು ಶನಿವಾರ ಕಾಡಪ್ಪ ಆಫೀಸ್ ರೂಮಿಗೆ ಬಂದಾಗ ರಾಧಾಮಣಿ ಮಗಳನ್ನು ಕರೆದುಕೊಂಡು ಹೋದಳು.

"ಸಾರ್, ಮೇ ಮೂರನೇ ಭಾನುವಾರ ನಮ್ಮ ಹುಡುಗಿ ಮದುವೆ. ಮಂಟಪ ನಮಗೆ ಬೇಕು."

ಕಾಡಪ್ಪ ಪುಸ್ತಕ ತಿರುವಿದರು. "ಇಲ್ಲಿ ಬರೆದಿಲ್ಲವಲ್ಲಮ್ಮ. ಆ ದಿನ ಖಾಲಿ ಇದೆ."

"ನಮ್ಮ ಮಂಟಪಕ್ಕೆ ನಮ್ಮ ಮಗಳ ಮದುವೆ ಯಾರ್ ಸಾರ್ ಬರೀತಾರೆ?"

"ಬರೀಬೇಕಿತ್ತು. ಬಾಗಲೂರಿನ ಒಂದು ಪಾರ್ಟಿ ಅದೇ ದಿನ ಕೇಳ್ಕೊಂಡು ಹೋಗಿದ್ದಾರೆ. ಮುಂಗಡ ಕಟ್ಟಿಲ್ಲ ಇನ್ನೂ. ನಿಮಗೆ ಎರಡು ದಾರಿ ಇದೆ. ಎಲ್ಲರ ಹಾಗೆ ಬಾಡಿಗೆ ಕಟ್ಟಿ. ಇಲ್ಲ, ನಿಮ್ಮ ಯಜಮಾನರು, ಮೈದುನ, ಅತ್ತೆ ಮೂವರೂ ಸೇರಿ ನಮ್ಮಲ್ಲಿ ರಾಜಿ ಆಗಿದೆ, ರಿಸೀವರ್ ಬೇಡ ಅಂತ ಒಂದೇ ಅರ್ಜಿ ಕೊಡಿ. ಕೋರ್ಟು ಒಪ್ಪಿದ್ರೆ ಮಂಟಪ ನಿಮಗೇ ಒಪ್ಪಿಸಿ ಹೋಗ್ತೀನಿ. ನನಗೂ ನೆಮ್ಮದಿ."

"ಬಾಡಿಗೆ? ನಾವು? ನಮ್ಮ ಮಂಟಪಕ್ಕೆ?" ರಾಧಾಮಣಿಯ ಮುಖ ಕೆಂಪಾಯಿತು.

ಹೊರಗೆ ಬಂದಮೇಲೆ ಹರ್ಷಿತಾ ಮೆಲ್ಲಗೆ, "ಅಮ್ಮ, ನಿನ್ನ ಚೀಟಿ ದುಡ್ಡಿದೆಯಲ್ಲ, ಕಟ್ಟಿಬಿಡು. ಎಲ್ರೂ ಹಾಗೇ ತಾನೇ ಮಾಡೋದು?" ಅಂದಳು.

"ಎಲ್ರ ತಾತ ಈ ಮಂಟಪ ಕಟ್ಟಿಲ್ಲ ಕಣೇ! ಬೀಗರ ಮುಂದೆ ನನ್ನ ಮಾನ ಏನಾಗ್ಬೇಕು? ನನ್ನ ಮಗಳು ಮಾಲೀಕರ ಮನೆ ಹುಡುಗಿ ಅಂತ ಆ ಹಸೆ ಮೇಲೆ ಕೂರಬೇಕು. ಬಾಡಿಗೆಯೋಳ ಥರ ಅಲ್ಲ."

ಆವತ್ತೇ ಸಂಜೆ ಅವಳು ಮಹಡಿಯ ಮೆಟ್ಟಿಲು ಹತ್ತಿದಳು. ಕೇಸಾದ ಮೇಲೆ ಅವಳು ಆ ಮೆಟ್ಟಿಲು ತುಳಿದಿರಲಿಲ್ಲ. ಯಶೋಧಾ ಬಾಗಿಲಲ್ಲಿ ಅವರೆಕಾಯಿ ಸುಲಿಯುತ್ತ ಕೂತಿದ್ದವಳು ತಲೆ ಎತ್ತಿ ನೋಡಿದಳು, ಮತ್ತೆ ಬಗ್ಗಿದಳು.

"ಅತ್ತೆ ಕೆಳಗಡೇನೇ ಇದ್ದಾರೆ," ಅಂದಳು.

"ಅತ್ತೇನ ಹುಡುಕ್ಕೊಂಡು ಬಂದಿಲ್ಲ. ನಿನ್ನ ನೋಡೋಕೇ ಬಂದೆ."

"ನನ್ನನ್ನ ನೋಡೋಕೇನಿದೆ? ಇನ್ನೊಂದು ಸೌಟು ಸಿಕ್ತಾ ಬರೆಸೋಕೆ?"

ರಾಧಾಮಣಿಗೆ ರೇಗಿತು, ಆದರೆ ನುಂಗಿಕೊಂಡು ಹೊಸಿಲ ಮೇಲೆ ಕೂತಳು. ಒಂದು ಹಿಡಿ ಅವರೆಕಾಯಿ ಎಳೆದುಕೊಂಡು ತಾನೂ ಸುಲಿಯತೊಡಗಿದಳು. "ತಪ್ಪಾಯ್ತು ಕಣೇ. ಸಿಟ್ಟಲ್ಲಿ ಬರೆಸಿದೆ. ನೀನೂ ಬರೆಸಿದೆಯಲ್ಲ, ಸರಿಹೋಯ್ತು ಬಿಡು. ಈಗ ಹರ್ಷಿ ಮದುವೆ ತಲೆ ಮೇಲಿದೆ. ಇವರಿಬ್ರೂ ಒಂದು ಸೈನ್ ಹಾಕಿದ್ರೆ ಮಂಟಪ ವಾಪಸ್ ಬರುತ್ತಂತೆ."

ಯಶೋಧಾ ಸಿಪ್ಪೆಯನ್ನು ಪಕ್ಕಕ್ಕೆ ತಳ್ಳಿದಳು. "ಅಕ್ಕ, ನಿಜ ಹೇಳ್ಲಾ? ಕುಕ್ಕರಲ್ಲಿ ಮುದ್ದೆ ತಿರುವಿ ತಿರುವಿ ನನ್ನ ಕೈ ಬಿದ್ದೋಗಿದೆ. ನಿಮ್ಮ ಮುದ್ದೇನೇ ವಾಸಿ ಅಂತಾರೆ ಅತ್ತೆ ದಿನಾ."

"ನನಗೆ ನಿನ್ನದು ವಾಸಿ ಅಂತಾರೆ!"

ಇಬ್ಬರೂ ನಕ್ಕರು. ನಗು ಬಂದದ್ದಕ್ಕೆ ಇಬ್ಬರಿಗೂ ಸ್ವಲ್ಪ ನಾಚಿಕೆಯಾಯಿತು. ಸುಬ್ರಮಣಿಯನ್ನು ಒಪ್ಪಿಸುವುದು ಯಶೋಧಾಳ ಪಾಲು, ಸುರೇಶನನ್ನು ಒಪ್ಪಿಸುವುದು ರಾಧಾಮಣಿಯ ಪಾಲು ಎಂದಾಯಿತು.

ಒಪ್ಪಿಸುವುದು! ಅಯ್ಯೋ, ಎರಡು ಕೋಣ ಹಿಡಿದು ಒಂದೇ ಗೂಟಕ್ಕೆ ಕಟ್ಟುವುದು ಸುಲಭ. ಸುಬ್ರಮಣಿ, "ಅಣ್ಣ ಬಂದು ಬಾಯಿಬಿಟ್ಟು ಕೇಳ್ಲಿ, ಆಮೇಲೆ ನೋಡೋಣ," ಅಂದ. ಸುರೇಶ, "ನಾನ್ ಯಾಕೆ ಕೇಳ್ಬೇಕು? ಚಿಕ್ಕೋನು ಅವನು, ಅವನು ಇಳಿದು ಬರ್ಲಿ," ಅಂದ. ಇಳಿದು ಬಂದರೆ ಎಲ್ಲಿಯವರೆಗೆ ಇಳಿಯಬೇಕು ಎಂಬುದರ ಮೇಲೆ ಒಂದು ವಾರ ಹೋಯಿತು. ಕೊನೆಗೆ ಮೆಟ್ಟಿಲ ಮಧ್ಯದಲ್ಲಿ ನಿಂತು ಮಾತಾಡುವುದು ಎಂದಾಯಿತು. ಮಾತಾಡಿದರು. ಅರ್ಜಿಯಲ್ಲಿ ಯಾರ ಹೆಸರು ಮೊದಲು ಎಂಬುದಕ್ಕೆ ಜಗಳವಾಗಿ ಇಬ್ಬರೂ ತಮ್ಮ ತಮ್ಮ ಬಾಗಿಲು ದಢಾರನೆ ಹಾಕಿಕೊಂಡರು.

"ರೀ, ನಿಮ್ಮ ಹೆಸರು ಎರಡನೇದಾದ್ರೆ ಏನ್ ಕಡಿಮೆ ಆಗುತ್ತೆ?" ಎಂದು ರಾಧಾಮಣಿ ಬೆಳಿಗ್ಗೆ ಉಪ್ಪಿಟ್ಟು ಬಡಿಸುತ್ತ ಕೇಳಿದಳು.

"ನಿನಗೆ ಗೊತ್ತಾಗಲ್ಲ."

"ಗೊತ್ತಾಗಲ್ಲ, ಹೌದು. ಮಗಳ ಮದುವೆ ಹತ್ರ ಬರ್ತಿದೆ, ಲಗ್ನಪತ್ರಿಕೇಲಿ ಮಂಟಪದ ಹೆಸರು ಹಾಕ್ಸೋ ಹಾಗಿಲ್ಲ, ಬೀಗಿತ್ತಿ ದಿನಾ ಫೋನ್ ಮಾಡಿ ಕೇಳ್ತಾರೆ. ನನಗೆ ಅದೊಂದೇ ಗೊತ್ತಾಗೋದು."

"ಉಪ್ಪಿಟ್ಟಿಗೆ ಉಪ್ಪಿಲ್ಲ."

"ಹಾಕ್ಕೊಳ್ಳಿ. ಉಪ್ಪಿನ ಡಬ್ಬಿ ಕೋರ್ಟಿಗೆ ಹೋಗಿಲ್ಲ."

ಲಾಯರು ದಾರಿ ತೋರಿಸಿದರು. ಮೊದಲು ತಾಯಿಯ ಹೆಸರು, ಅದರ ಕೆಳಗೆ ಒಂದೇ ಸಾಲಿನಲ್ಲಿ ಇಬ್ಬರ ಹೆಸರು. ಅಂತೂ ಏಪ್ರಿಲಿನಲ್ಲಿ ಅರ್ಜಿ ಬರೆದು ಬಂತು. ಶನಿವಾರ ಎಲ್ಲರೂ ಕೆಳಮನೆಯಲ್ಲೇ ಒಟ್ಟಿಗೆ ಉಂಡು ಸಹಿ ಹಾಕುವುದು, ಮಧ್ಯಾಹ್ನ ಕಾಡಪ್ಪ ಬರುತ್ತಾರಲ್ಲ, ಅವರಿಗೆ ಒಂದು ಪ್ರತಿ ಕೊಡುವುದು ಎಂದು ತೀರ್ಮಾನವಾಯಿತು.

ಆ ಶನಿವಾರ ರಾಧಾಮಣಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಓರಗಿತ್ತಿಯರಿಬ್ಬರೂ ಒಂದೇ ಒಲೆಯ ಮುಂದೆ ಕೂತು ಅವರೆಬೇಳೆ ಸಾರು ಮಾಡಿದರು, ಹಪ್ಪಳ ಕರಿದರು, ಹೆಸರುಬೇಳೆ ಪಾಯಸ ಮಾಡಿದರು. ಅಣ್ಣತಮ್ಮಂದಿರು ಎದುರುಬದುರಾಗಿ ಕೂತರು. ದೊಡ್ಡಮುನಿಯಮ್ಮ ಇಬ್ಬರ ಮಧ್ಯೆ ಗೋಡೆಗೊರಗಿ ಕೂತು, "ಇಂಗೆ ಕೂತು ಉಂಡು ಎಷ್ಟು ದಿನ ಆಗಿತ್ರಪ್ಪಾ," ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳು. ರಾಧಾಮಣಿಗೂ ಕಣ್ಣು ತುಂಬಿತು. ಸುಬ್ರಮಣಿ, "ಅತ್ತಿಗೆ, ಪಾಯಸ ಇನ್ನೊಂದು ಸೌಟು ಹಾಕಿ," ಅಂದಾಗ ಎರಡು ಸೌಟು ಹಾಕಿದಳು.

ಊಟವಾಯಿತು. ಸುರೇಶ ಸಹಿ ಹಾಕಿದ. ಸುಬ್ರಮಣಿ ಸಹಿ ಹಾಕಿದ. ಹರ್ಷಿತಾ ಇಂಕಿನ ಪ್ಯಾಡು ತಂದು ಅಜ್ಜಿಯ ಹೆಬ್ಬೆಟ್ಟಿಗೆ ಒತ್ತಿಸಿದಳು. ರಾಧಾಮಣಿ ಅತ್ತೆಯ ಕೈಹಿಡಿದು ಕಾಗದದ ಕಡೆ ತರುವಷ್ಟರಲ್ಲಿ ಸುರೇಶನ ಫೋನು ಬಡಿದುಕೊಂಡಿತು.

"ಹಲೋ... ಹೂಂ ಸಾರ್, ಆಯ್ತು ಅಂತ ತಿಳ್ಕೊಳ್ಳಿ. ಸೋಮವಾರ ಅರ್ಜಿ ಕೊಡ್ತೀವಿ. ಜೂನ್ ಮೊದಲನೇ ಗುರುವಾರ ನಿಮ್ಮದೇ. ಮಾತು ಅಂದ್ರೆ ಮಾತು."

ಸುಬ್ರಮಣಿ ತಲೆ ಎತ್ತಿದ. "ಯಾವ ಗುರುವಾರ?"

"ಜೂನ್ ಮೊದಲನೇದು. ಯಾಕೆ?"

"ಅದು ಆಗಲ್ಲ. ಪಿಳ್ಳಣ್ಣನ ಮನೆಯೋರಿಗೆ ನಾನು ಮಾತು ಕೊಟ್ಟಾಗಿದೆ."

"ಯಾರನ್ನ ಕೇಳಿ ಕೊಟ್ಟೆ?"

"ನೀನ್ ಯಾರನ್ನ ಕೇಳಿ ಕೊಟ್ಟೆ?"

ಅತ್ತೆಯ ಕೈ ಹಿಡಿದಿದ್ದ ರಾಧಾಮಣಿಯ ಕೈ ಅಲ್ಲೇ ನಿಂತಿತು. "ಸ್ವಲ್ಪ ತಡೀರಿ," ಅಂದಳು. "ಇಬ್ರೂ ತಡೀರಿ. ಮೇ ಮೂರನೇ ಭಾನುವಾರ ಯಾರಿಗಾದ್ರೂ ಮಾತು ಕೊಟ್ಟಿದ್ದೀರಾ?"

ಸುರೇಶ ಫೋನನ್ನು ಜೇಬಿಗೆ ತುರುಕಿಕೊಂಡ.

"ನಿಮ್ಮನ್ನೇ ಕೇಳ್ತಿರೋದು ಮೈದುನರೇ."

ಸುಬ್ರಮಣಿ ಪಾಯಸದ ಲೋಟದೊಳಗೆ ನೋಡಿದ. "ಅದೇನಿಲ್ಲ ಅತ್ತಿಗೆ. ಮುಹೂರ್ತ ಬೆಳಿಗ್ಗೆ ಮುಗಿದೋಗುತ್ತಲ್ಲ. ಮೂರು ಗಂಟೆಗೆಲ್ಲ ಊಟಾನೂ ಮುಗಿಯುತ್ತೆ. ಸಾಯಂಕಾಲ ಸುಮ್ನೆ ಮಂಟಪ ಖಾಲಿ ಇರುತ್ತೆ ಅಂತ ಒಂದು ರಿಸೆಪ್ಷನ್‌ಗೆ... ಗೊತ್ತಿರೋರು, ತುಂಬಾ ಕೇಳ್ಕೊಂಡ್ರು."

"ಥೂ ನಿನ್ನ!" ಎಂದು ಸುರೇಶ ಎದ್ದು ನಿಂತ. "ಅಣ್ಣನ ಮಗಳ ಮದುವೆ ದಿನ ಬಾಡಿಗೆಗೆ ಕೊಟ್ಟಿದ್ದೀಯಲ್ಲೋ, ನಾಚಿಕೆ ಆಗಲ್ವಾ ನಿನಗೆ?"

"ಮದುವೆ ಹಿಂದಿನ ದಿನ, ಶನಿವಾರ ಸಾಯಂಕಾಲ ನೀನು ಬರ್ತ್‌ಡೇಗೆ ಕೊಟ್ಟಿಲ್ವಾ? ಟೀ ಅಂಗಡೀಲಿ ನನಗೆ ಎಲ್ಲ ಗೊತ್ತಾಗುತ್ತೆ!"

ರಾಧಾಮಣಿ ಗಂಡನ ಮುಖ ನೋಡಿದಳು. "ಹೌದೇನ್ರೀ?"

"ಅದು... ಚಪ್ಪರದ ಶಾಸ್ತ್ರ ಮನೇಲೇ ಮಾಡ್ಕೊಂಡ್ರಾಯ್ತು ಅಂದ್ಕೊಂಡೆ. ಶನಿವಾರ ರಾತ್ರಿ ಅಲ್ಲಿ ನಮಗೇನ್ ಕೆಲ್ಸ? ಒಂಬತ್ತೂವರೆಗೆ ಕೇಕ್ ಕಟ್ ಮಾಡಿ ಹೋಗ್ತಾರೆ. ಮದುವೆ ಖರ್ಚಿಗೂ ಆಗುತ್ತಲ್ಲ ಅಂತ..."

"ಬಂದ ಬೀಗರು ಎಲ್ಲಿ ಮಲಗ್ತಾರೆ? ವರಪೂಜೆ ಎಲ್ಲಿ ಮಾಡೋದು?"

ಸುರೇಶ ತಮ್ಮನ ಕಡೆ ತಿರುಗಿ, "ಎಲ್ಲ ನಿನ್ನಿಂದಾನೇ," ಎಂದು ಶುರುಮಾಡಿದ. ಸುಬ್ರಮಣಿ ಎದ್ದ. ಬೀಗದಕೈ ಯಾರ ಹತ್ತಿರ ಇರಬೇಕು ಎಂಬಲ್ಲಿಗೆ ಮಾತು ಹೋಯಿತು, ಅಲ್ಲಿಂದ ಅಪ್ಪ ಸಾಯುವಾಗ ಯಾರು ಪಕ್ಕದಲ್ಲಿದ್ದರು ಎಂಬಲ್ಲಿಗೆ ಹೋಯಿತು. ಹರ್ಷಿತಾ ಎದ್ದು ಒಳಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಎರಡು ತಿಂಗಳು ಮೆಟ್ಟಿಲು ಹತ್ತಿ ಇಳಿದು, ಕೈಕಾಲು ಹಿಡಿದು, ಹೆಸರಿಗೆ ಹೆಸರು ಹೊಂದಿಸಿ ತಾನು ಕೂಡಿಸಿದ್ದೆಲ್ಲ ಕಣ್ಣೆದುರೇ ಹೀಗಾದಾಗ ರಾಧಾಮಣಿಗೆ ಸಿಟ್ಟೂ ಬರಲಿಲ್ಲ, ಅಳುವೂ ಬರಲಿಲ್ಲ. ಸಾಕಪ್ಪಾ ಸಾಕು ಅನ್ನಿಸಿಬಿಟ್ಟಿತು.

"ಏನಮ್ಮಾ, ಒತ್ಲಾ ಬ್ಯಾಡ್ವಾ?" ದೊಡ್ಡಮುನಿಯಮ್ಮ ನೀಲಿ ಹೆಬ್ಬೆಟ್ಟು ಎತ್ತಿ ಹಿಡಿದುಕೊಂಡೇ ಕೇಳಿದಳು. ಆ ಗದ್ದಲದಲ್ಲಿ ಅದು ರಾಧಾಮಣಿಗೆ ಮಾತ್ರ ಕೇಳಿಸಿತು.

"ಬೇಡ ಅತ್ತೆ. ಒತ್ತಬೇಡಿ."

"ಒತ್ತಲ್ಲ ಬಿಡು. ಇವು ನನ್ನ ಒಟ್ಟೇಲೇ ಉಟ್ಟವಾ ಅಂತ." ಮುದುಕಿ ಮುಖ ತಿರುಗಿಸಿದಳು. ಯಶೋಧಾ ಎದ್ದು ಹೋಗಿ ಸೋಪು, ಒಂದು ಚೊಂಬು ನೀರು ತಂದು ಅತ್ತೆಯ ಬೆರಳು ತೊಳೆಯಲು ಕೂತಳು.

ಸುರೇಶನಿಗೆ ಆಗ ಎಚ್ಚರವಾಯಿತು. "ಏಯ್, ಏನ್ ಮಾಡ್ತಿದ್ದೀರಾ? ಅಮ್ಮ ಒತ್ತದಿದ್ರೆ ಅರ್ಜಿ ಕೊಡೋಕಾಗಲ್ಲ!"

"ಕೊಡಬೇಡಿ," ಅಂದಳು ರಾಧಾಮಣಿ.

"ತಲೆ ಕೆಟ್ಟಿದೆಯೇನೇ ನಿನಗೆ? ದಿನಾ ಆ ಲಾಯರ್‌ಗೆ ಹಿಡಿಶಾಪ ಹಾಕ್ತಿದ್ದೋಳು ನೀನೇ!"

"ಹಾಕ್ತಿದ್ದೆ. ಅವರು ಮಂಟಪಾನ ಒಂದು ದಿನಕ್ಕೆ ಒಬ್ರಿಗೇ ಕೊಡ್ತಾರೆ. ನೀವಿಬ್ರೂ ಮಂಟಪ ಕೈಗೆ ಬರೋ ಮುಂಚೇನೇ ನನ್ನ ಮಗಳ ಮದುವೇನ ಹಿಂದೂ ಮುಂದೂ ಕತ್ತರಿಸಿ ಮಾರ್ಕೊಂಡಿದ್ದೀರಿ."

ಬೀರು ತೆಗೆದು, ಸೀರೆಗಳ ಕೆಳಗೆ ಬಟ್ಟೆಯಲ್ಲಿ ಸುತ್ತಿಟ್ಟಿದ್ದ ಚೀಟಿ ದುಡ್ಡು ತೆಗೆದುಕೊಂಡಳು. ಮಗಳ ಮೈಮೇಲೆ ಒಂದು ಒಡವೆ ಜಾಸ್ತಿ ಹಾಕಿಸಬೇಕೆಂದು ಇಟ್ಟಿದ್ದು ಅದು. ಇಬ್ಬರು ಗಂಡಸರೂ ನೋಡುತ್ತ ನಿಂತಿರುವಂತೆಯೇ ಗೇಟು ದಾಟಿ ಮಂಟಪದ ಕಡೆ ನಡೆದಳು. ಹಿಂದಿನಿಂದ ಸುರೇಶ, "ನಮ್ಮ ಮಂಟಪಕ್ಕೆ ನಾವೇ ದುಡ್ಡು ಕಟ್ಟೋದಾ? ಜನ ಏನಂತಾರೆ?" ಎಂದು ಕೂಗುತ್ತಿದ್ದ. ಅವಳು ತಿರುಗಿ ನೋಡಲಿಲ್ಲ.

ಕಾಡಪ್ಪ ಆಗತಾನೇ ಬಂದು ಆಫೀಸಿನ ಬಾಗಿಲು ತೆಗೆದಿದ್ದರು. "ಬನ್ನಿ ಅಮ್ಮ. ಅರ್ಜಿ ತಂದ್ರಾ?"

"ಅರ್ಜಿ ಇಲ್ಲ ಸಾರ್. ಮೇ ಮೂರನೇ ಭಾನುವಾರ ಇನ್ನೂ ಖಾಲಿ ಇದೆಯಾ?"

"ಬಾಗಲೂರಿನೋರು ಸೋಮವಾರ ಮುಂಗಡ ಕಟ್ಟೋಕೆ ಬರ್ತೀನಿ ಅಂದಿದ್ದಾರೆ."

"ಸೋಮವಾರ ತಾನೇ? ಇವತ್ತು ಶನಿವಾರ." ಅವಳು ಗಂಟು ಬಿಚ್ಚಿ ಮೇಜಿನ ಮೇಲಿಟ್ಟಳು. "ಶನಿವಾರ ಬೆಳಿಗ್ಗೆಯಿಂದ ಭಾನುವಾರ ರಾತ್ರಿವರೆಗೂ ಬರ್ಕೊಳ್ಳಿ. ಒಂದು ಗಂಟೇನೂ ಬಿಡಬೇಡಿ."

ಕಾಡಪ್ಪ ಅವಳ ಮುಖ ನೋಡಿ ಪೆನ್ನಿನ ಮುಚ್ಚಳ ತೆಗೆದರು. "ಹೆಸರು?"

"ರಾಧಾಮಣಿ."

"ಮಾಲೀಕರ ಮನೆಯವರು ಅಂತ ಸೇರಿಸ್ಲೇನಮ್ಮ?"

ಆ ಪ್ರಶ್ನೆಗೆ ಅವಳಿಗೆ ಕಣ್ಣೀರು ಬಂದೇಬಿಟ್ಟಿತು. ಸೆರಗಿನಿಂದ ಮೂಗು ಒರೆಸಿಕೊಂಡಳು.

"ಬೇಡ ಸಾರ್. ಮಾಲೀಕರು ಅಂತ ಬರೆದ್ರೆ ನಾಳೆ ಹುಡುಗಿ ಅಪ್ಪಾನೇ ಬಂದು ಅರ್ಧ ದಿನ ಬಿಟ್ಟುಕೊಡಿ ಅಂತಾನೆ. ಬಾಡಿಗೆಯೋರು ಅಂತ ಬರ್ಕೊಳ್ಳಿ."